ಆಂಡ್ರೂ ಫೈಲ್ ಸಿಸ್ಟಮ್: ಲೇಖನದಲ್ಲಿ ಬಿಟ್ಟುಹೋಗಿದ್ದ ಕಾರಣಗಳು

ಮುಕ್ತ ವಿಶ್ವಕೋಶವೊಂದರಲ್ಲಿರುವ ಆಂಡ್ರೂ ಫೈಲ್ ಸಿಸ್ಟಮ್ ಕುರಿತ ಲೇಖನವನ್ನು ತಿದ್ದಿ ಬೆಳೆಸುವ ಕೆಲಸವನ್ನು ಈಚೆಗೆ ಕೈಗೆತ್ತಿಕೊಂಡಿದ್ದೇನೆ. ಆ ಲೇಖನದಲ್ಲಿ ತಪ್ಪುಗಳು ಹೆಚ್ಚಿರಲಿಲ್ಲ. ಎಎಫ್‌ಎಸ್ (ಆಂಡ್ರೂ ಫೈಲ್ ಸಿಸ್ಟಮ್) ಒಂದು ವಿತರಿತ ಕಡತ ವ್ಯವಸ್ಥೆ, ಅಂದರೆ ಸರ್ವರ್‌ಗಳಲ್ಲಿರುವ ಕಡತಗಳನ್ನು ಜಾಲದ ಮೂಲಕ ಅನೇಕ ಯಂತ್ರಗಳಿಗೆ ಒದಗಿಸುವ ಏರ್ಪಾಡು, ಅದು ಕಡತದ ಪ್ರತಿಯನ್ನು ಬಳಕೆದಾರರ ಯಂತ್ರದಲ್ಲಿಯೇ ಇರಿಸಿಕೊಳ್ಳುತ್ತದೆ, ಕೆರ್ಬೆರೋಸ್ ಎಂಬ ಭದ್ರತಾ ವಿಧಾನದ ಮೂಲಕ ಬಳಕೆದಾರರ ಗುರುತನ್ನು ಖಚಿತಪಡಿಸಿಕೊಳ್ಳುತ್ತದೆ, ಕಡತಗಳನ್ನು ವಾಲ್ಯೂಮ್ ಎಂಬ ಗುಂಪುಗಳಾಗಿ ವಿಂಗಡಿಸುತ್ತದೆ ಎಂಬ ಸಂಗತಿಗಳೆಲ್ಲವೂ ಅಲ್ಲಿದ್ದವು. ಆದರೆ ಇವುಗಳಲ್ಲಿ ಯಾವುದೊಂದೂ ಏಕೆ ಹಾಗಿದೆ ಎಂಬುದನ್ನು ಲೇಖನ ಹೇಳುತ್ತಿರಲಿಲ್ಲ. ಓದಿ ಮುಗಿಸಿದವರಿಗೆ ಮಾರಾಟದ ಕರಪತ್ರವೊಂದರ ವೈಶಿಷ್ಟ್ಯಗಳ ಪಟ್ಟಿ ಸಿಗುತ್ತಿತ್ತೇ ಹೊರತು ಒಂದು ವ್ಯವಸ್ಥೆಯ ಪರಿಚಯ ಸಿಗುತ್ತಿರಲಿಲ್ಲ.

ಕಾರಣಗಳು ಸಿಗದಂಥವೇನಲ್ಲ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿರುವ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯವು ಐಬಿಎಂ ಜೊತೆಗೂಡಿ 1980ರ ದಶಕದಲ್ಲಿ ಈ ವ್ಯವಸ್ಥೆಯನ್ನು ಕಟ್ಟಿತು. ಇಡೀ ಆವರಣದ ಸಾವಿರಾರು ವರ್ಕ್‌ಸ್ಟೇಷನ್‌ಗಳಲ್ಲಿ ಯಾವುದರ ಮುಂದೆ ಕುಳಿತರೂ ತನ್ನ ಕಡತಗಳು ಅದೇ ಹೆಸರಿನಲ್ಲಿ, ಅದೇ ಜಾಗದಲ್ಲಿ ಸಿಗಬೇಕು ಎಂಬುದು ಗುರಿಯಾಗಿತ್ತು. ಆಂಡ್ರೂ ಎಂಬುದು ಆ ಸಂಸ್ಥೆಯ ಹೆಸರಿನಲ್ಲಿರುವ ಆಂಡ್ರೂ ಕಾರ್ನೆಗಿ ಮತ್ತು ಆಂಡ್ರೂ ಮೆಲನ್ ಇಬ್ಬರಿಗೂ ಸಲ್ಲುವ ಹೆಸರು. ಮೊದಲ ಮಾದರಿಯನ್ನು ಕಟ್ಟಿ, ಬಳಕೆಗೆ ಬಿಟ್ಟು, ಅಳೆದು, ಆ ಅಳತೆಗಳ ಆಧಾರದ ಮೇಲೆ ಮತ್ತೆ ಕಟ್ಟಿದ ಕಥೆಯನ್ನು ಅದರ ನಿರ್ಮಾತೃಗಳೇ 1988ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ವಿವರವಾಗಿ ಬರೆದಿದ್ದಾರೆ. ಲೇಖನದ ಬೆನ್ನೆಲುಬು ಈ ಕಥೆಯೇ ಆಗಬೇಕೆಂದು ನನಗೆ ತೋರಿತು.

ಮೊದಲ ಮಾದರಿಯಲ್ಲಿ, ಬಳಕೆದಾರರು ಕಡತವೊಂದನ್ನು ತೆರೆದಾಗಲೆಲ್ಲ, ಅವರ ಯಂತ್ರದಲ್ಲಿರುವ ವೀನಸ್ ಎಂಬ ಪ್ರೋಗ್ರಾಮು ತನ್ನ ಬಳಿಯಿರುವ ಪ್ರತಿ ಇನ್ನೂ ಸರಿಯಾಗಿದೆಯೇ ಎಂದು ವೈಸ್ ಎಂಬ ಸರ್ವರ್ ಸಮೂಹವನ್ನು ಕೇಳುತ್ತಿತ್ತು. ಸರ್ವರ್‌ಗೆ ಬರುತ್ತಿದ್ದ ಒಟ್ಟು ಕರೆಗಳಲ್ಲಿ ನೂರಕ್ಕೆ ಸುಮಾರು 62 ಇಂಥ ಪರಿಶೀಲನೆಗಳೇ ಆಗಿದ್ದವು. ಇನ್ನೂ 27ರಷ್ಟು ಕಡತದ ಸ್ಥಿತಿಗತಿಯನ್ನು ವಿಚಾರಿಸುವ ಕರೆಗಳಾಗಿದ್ದವು. ನಿಜವಾಗಿ ಕಡತವನ್ನು ತರುವ ಕರೆಗಳು ಕೇವಲ 4, ಮರಳಿ ಇರಿಸುವವು 2. ಅಂದರೆ ಸರ್ವರ್ ತನ್ನ ಹೊತ್ತನ್ನೆಲ್ಲ ಹೆಚ್ಚುಕಡಿಮೆ ‘ಏನೂ ಬದಲಾಗಿಲ್ಲ’ ಎಂದು ಹೇಳುವುದರಲ್ಲಿಯೇ ಕಳೆಯುತ್ತಿತ್ತು. ಅದರ ಮೇಲೆ, ಪ್ರತಿ ಕರೆಯಲ್ಲಿಯೂ ಕಡತದ ಪೂರ್ತಿ ಹಾದಿ ಬರುತ್ತಿದ್ದುದರಿಂದ, ಒಂದೊಂದೇ ಡೈರೆಕ್ಟರಿಯನ್ನು ದಾಟಿ ಅದನ್ನು ಹುಡುಕುವ ಶ್ರಮವೂ ಸರ್ವರ್ ಪಾಲಿಗೇ ಬೀಳುತ್ತಿತ್ತು. ದಣಿದದ್ದು ಡಿಸ್ಕ್ ಅಲ್ಲ, ಜಾಲವೂ ಅಲ್ಲ, ಸರ್ವರ್‌ನ ಪ್ರೊಸೆಸರ್. ಹಳೆಯ ಲೇಖನದಲ್ಲಿ ಈ ಅಂಕಿಗಳು ಒಂದೂ ಇರಲಿಲ್ಲ. ಇವಿಲ್ಲದೆ ಮುಂದಿನ ವಿನ್ಯಾಸ ಅರ್ಥವಾಗುವುದು ಕಷ್ಟ.

ಎರಡನೆಯ ಆವೃತ್ತಿಯಲ್ಲಿ ಬಂದ ಕಾಲ್‌ಬ್ಯಾಕ್ ಎಂಬ ಏರ್ಪಾಡು ಈ ಪ್ರಶ್ನೋತ್ತರವನ್ನೇ ತಿರುವುಮುರುವು ಮಾಡಿತು. ಸೀಮೆಎಣ್ಣೆ ಬಂತೇ ಎಂದು ದಿನವೂ ಅಂಗಡಿಗೆ ಹೋಗಿ ಕೇಳುವುದರ ಬದಲು, ಬಂದಾಗ ತಾನೇ ಹೇಳಿ ಕಳಿಸುವುದಾಗಿ ಅಂಗಡಿಯವನು ಮಾತು ಕೊಟ್ಟ ಹಾಗೆ, ಕಡತವನ್ನು ಬೇರೆ ಯಾರಾದರೂ ಬದಲಿಸಿದರೆ ತಾನೇ ತಿಳಿಸುವುದಾಗಿ ಸರ್ವರ್ ಒಪ್ಪಿಕೊಳ್ಳುತ್ತದೆ. ಅಂಥ ಸುದ್ದಿ ಬಾರದಿರುವಷ್ಟು ಕಾಲ ವೀನಸ್ ತನ್ನ ಪ್ರತಿಯನ್ನು ನಂಬಿ ಕೆಲಸ ಮಾಡುತ್ತದೆ. ಹಾದಿಯನ್ನು ಬಿಡಿಸುವ ಕೆಲಸವನ್ನೂ ವೀನಸ್‌ಗೆ ವಹಿಸಲಾಯಿತು. ಇದಕ್ಕೆ ತೆತ್ತ ಬೆಲೆಯನ್ನೂ ಲೇಖನ ಹೇಳಬೇಕು. ಯಾರ ಬಳಿ ಯಾವ ಕಡತವಿದೆ ಎಂಬುದನ್ನು ಸರ್ವರ್ ನೆನಪಿಟ್ಟುಕೊಳ್ಳಬೇಕಾಗುತ್ತದೆ, ಅದು ಕೆಟ್ಟು ಮತ್ತೆ ಎದ್ದಾಗ ಆ ನೆನಪು ಅಳಿದಿರುತ್ತದೆ, ಆಗ ವೀನಸ್ ತನ್ನ ಬಳಿಯಿರುವ ಪ್ರತಿಗಳನ್ನು ಮತ್ತೆ ಪರಿಶೀಲಿಸಿಕೊಳ್ಳದೆ ಬಳಸುವಂತಿಲ್ಲ. ಸನ್ ಎಂಬ ಕಂಪ್ಯೂಟರ್ ಕಂಪನಿಯ ಎನ್‌ಎಫ್‌ಎಸ್ ಎಂಬ ಇಂಥದೇ ಕಡತ ವ್ಯವಸ್ಥೆ ಆ ಕಾಲದಲ್ಲಿ ಇದಕ್ಕೆ ವಿರುದ್ಧವಾದ ದಾರಿ ಹಿಡಿದು, ಸರ್ವರ್ ಏನನ್ನೂ ನೆನಪಿಟ್ಟುಕೊಳ್ಳಬೇಕಾಗಿಲ್ಲದಂತೆ ತನ್ನನ್ನು ರೂಪಿಸಿಕೊಂಡಿತ್ತು.

ಹಳೆಯ ಲೇಖನದಲ್ಲಿ ಎಎಫ್‌ಎಸ್ ‘ಎನ್‌ಎಫ್‌ಎಸ್‌ಗಿಂತ ವೇಗವಾದದ್ದು’ ಎಂಬ ವಾಕ್ಯವಿತ್ತು. ನಾನು ಹೆಚ್ಚು ಹೊತ್ತು ಕಳೆದದ್ದು ಇದರ ಮೇಲೆಯೇ. ಇದರ ಮೂಲವೂ 1988ರ ಪ್ರಬಂಧವೇ, ಅಂದರೆ ವ್ಯವಸ್ಥೆಯನ್ನು ಕಟ್ಟಿದವರೇ ಅಳೆದು ಹೇಳಿದ ಮಾತು. ಆ ಪ್ರಬಂಧವೂ ಹಾಗೆ ಸಾರಾಸಗಟಾಗಿ ಹೇಳಿಲ್ಲ: ಹೊರೆ ಕಡಿಮೆಯಿದ್ದಾಗ ಎನ್‌ಎಫ್‌ಎಸ್ ತುಸು ಮುಂದಿದ್ದು, ಹೊರೆ ಹೆಚ್ಚಿದಂತೆ ಬೇಗನೆ ಕುಸಿಯಿತು, ಆಂಡ್ರೂ ತಾಳಿಕೊಂಡಿತು ಎಂಬುದು ಅಲ್ಲಿನ ಫಲಿತಾಂಶ. ಆದ್ದರಿಂದ ಯಾರು ಅಳೆದರು, ಯಾವಾಗ ಅಳೆದರು, ಎಂಥ ಹೊರೆಯಲ್ಲಿ ಅಳೆದರು ಎಂಬುದನ್ನು ವಾಕ್ಯದೊಳಗೇ ಸೇರಿಸಿ ಬರೆದೆ. ವಾಕ್ಯ ಉದ್ದವಾಯಿತು ಎಂದು ಚರ್ಚಾಪುಟದಲ್ಲಿ ಆಕ್ಷೇಪ ಬಂದರೂ ಅದನ್ನು ಮೊಟಕುಗೊಳಿಸಲು ನನಗೆ ಮನಸ್ಸಿಲ್ಲ.

ಇನ್ನೊಂದು ತೊಡಕು ಆವೃತ್ತಿಗಳದ್ದು. ಒಂದು ಪ್ಯಾರಾದಲ್ಲಿ ಇಡೀ ಕಡತವನ್ನು ತಂದುಕೊಳ್ಳುತ್ತದೆ ಎಂದೂ, ಮುಂದಿನದರಲ್ಲಿ ತುಂಡುತುಂಡಾಗಿ ತರುತ್ತದೆ ಎಂದೂ ಇತ್ತು. ಎರಡೂ ನಿಜವೇ, ಮೊದಲಿನವು ಇಡಿಯಾಗಿ ತರುತ್ತಿದ್ದವು, ಮೂರನೆಯ ಆವೃತ್ತಿ ಸಾಮಾನ್ಯವಾಗಿ 64 ಕಿಲೋಬೈಟ್ ತುಂಡುಗಳಲ್ಲಿ ತರತೊಡಗಿತು. ಆದರೆ ಬರೆದಿಟ್ಟದ್ದು ಕಡತವನ್ನು ಮುಚ್ಚಿದಾಗ ಸರ್ವರ್‌ಗೆ ಹೋಗುತ್ತದೆ, ಇಬ್ಬರು ಒಮ್ಮೆಗೇ ತಿದ್ದಿದರೆ ಕೊನೆಯಲ್ಲಿ ಮುಚ್ಚಿದವರದ್ದೇ ಉಳಿಯುತ್ತದೆ ಎಂಬುದನ್ನು ಲೇಖನ ಹೇಳಿಯೇ ಇರಲಿಲ್ಲ. ಅನೇಕರು ಒಂದೇ ಕಡತಕ್ಕೆ ಬಿಡದೆ ಬರೆಯುವ ದತ್ತಸಂಚಯದಂಥ ಕೆಲಸಕ್ಕೆ ಇದು ತಕ್ಕುದಲ್ಲ ಎಂಬುದು ಈ ಒಂದು ನಿಯಮದಿಂದಲೇ ಹೊರಡುತ್ತದೆ. ‘ಮಿತಿಗಳು’ ಎಂಬ ಹೊಸ ವಿಭಾಗವನ್ನು ಇದರಿಂದಲೇ ಆರಂಭಿಸಿದೆ.

ವ್ಯಕ್ತಿಗಳ ವಿಷಯದಲ್ಲಿ ಲೇಖನ ಎಲ್ಲ ಶ್ರೇಯಸ್ಸನ್ನೂ ಮಹದೇವ್ ಸತ್ಯನಾರಾಯಣನ್ ಒಬ್ಬರಿಗೇ ಕೊಟ್ಟಿತ್ತು. ಮದ್ರಾಸಿನ ಐಐಟಿಯಲ್ಲಿ ಓದಿದವರೆಂಬ ಅಭಿಮಾನ ಇದ್ದಿರಬಹುದು. ಅವರ ಪಾತ್ರ ದೊಡ್ಡದು, ಎಎಫ್‌ಎಸ್‌ನಿಂದ ಹುಟ್ಟಿದ ಕೋಡಾ ಎಂಬ ವ್ಯವಸ್ಥೆಯನ್ನು ಮುನ್ನಡೆಸಿದವರೂ ಅವರೇ. ಆದರೆ 1988ರ ಆ ಪ್ರಬಂಧಕ್ಕೆ ಏಳು ಮಂದಿ ಲೇಖಕರಿದ್ದಾರೆ. ಎಸಿಎಂ ಎಂಬ ಕಂಪ್ಯೂಟರ್ ತಜ್ಞರ ಸಂಘ 2016ರ ಸಾಫ್ಟ್‌ವೇರ್ ಸಿಸ್ಟಮ್ ಪ್ರಶಸ್ತಿಯನ್ನು ಎಎಫ್‌ಎಸ್‌ಗಾಗಿ ಒಂದು ತಂಡಕ್ಕೇ ನೀಡಿದೆ.

ಬಳಕೆಯ ವಿಭಾಗವಿನ್ನೂ ಅರೆಬರೆಯಾಗಿದೆ. ಎಎಫ್‌ಎಸ್ ಅನ್ನು ಮಾರಾಟಕ್ಕೆ ತಂದ ಟ್ರಾನ್ಸಾರ್ಕ್ ಕಂಪನಿ ಐಬಿಎಂ ತೆಕ್ಕೆಗೆ ಸೇರಿದ್ದು, 2000ದಲ್ಲಿ ಮೂಲ ಸಂಕೇತ (ಸೋರ್ಸ್ ಕೋಡ್) ಬಿಡುಗಡೆಯಾಗಿ ಓಪನ್‌ಎಎಫ್‌ಎಸ್ ಆದದ್ದು, ದೀರ್ಘಕಾಲ ಬಳಸಿದ ಸೆರ್ನ್ ಎಂಬ ಯುರೋಪಿನ ಕಣಭೌತಶಾಸ್ತ್ರ ಸಂಶೋಧನಾ ಸಂಸ್ಥೆ ಹಂತಹಂತವಾಗಿ ಅದರಿಂದ ಹೊರಬರಲು ಹೊರಟದ್ದು, ಇಷ್ಟನ್ನು ಸೇರಿಸಿದ್ದೇನೆ. ‘ಇಂದಿಗೂ ಅನೇಕ ವಿಶ್ವವಿದ್ಯಾಲಯಗಳು ಬಳಸುತ್ತಿವೆ’ ಎಂಬ ಉಲ್ಲೇಖವಿಲ್ಲದ ಸಾಲನ್ನು ತೆಗೆದಿದ್ದೇನೆ. ಯಾವ ಸಂಸ್ಥೆ ಯಾವ ವರ್ಷದವರೆಗೆ ಬಳಸಿತು ಎಂಬುದಕ್ಕೆ ಆಯಾ ಸಂಸ್ಥೆಗಳ ಪ್ರಕಟಣೆಗಳನ್ನು ಒಂದೊಂದಾಗಿ ನೋಡಿ, ಇಸವಿಯೊಂದಿಗೆ ಸೇರಿಸುವ ಕೆಲಸ ಈಗ ನಡೆಯುತ್ತಿದೆ.