ಪಹಣಿ ತಂದ್ರೋ, ಹೊಲ ತಂದ್ರೋ?

ಪ್ರೆಸ್ಸಿನವರು ಪೆನ್‌ಡ್ರೈವ್ ಚುಚ್ಚಿ, ಎರಡು ಸಲ ಕ್ಲಿಕ್ ಮಾಡಿ, ನನ್ನ ಮುಖ ನೋಡಿದರು. "ಇದರಲ್ಲಿ ಏನೂ ಇಲ್ವಲ್ರೀ. ಬರೀ 2 ಕೆಬಿ ತೋರಿಸ್ತಿದೆ."

ತಿಪಟೂರು ಕಡೆಯ ಒಂದು ಸಹಕಾರ ಸಂಘದಲ್ಲಿ ನಾನು ಕೆಲಸಕ್ಕೆ ಸೇರಿ ಆಗ ಆರು ತಿಂಗಳು. ಸೆಪ್ಟೆಂಬರ್ ಅಂದರೆ ಸೊಸೈಟಿಗಳಿಗೆ ಮಹಾಸಭೆಯ ಕಾಲ. ಮಾರ್ಚ್ 31ರ ಲೆಕ್ಕ ಆಡಿಟ್ ಆಗಿ, ವರದಿ ಅಚ್ಚಾಗಿ, ಸಭೆಗೆ ಮುಂಚೆ ಸದಸ್ಯರ ಕೈ ಸೇರಬೇಕು. 32 ಪುಟ ಟೈಪ್ ಮಾಡಿದ್ದೆ. ಡೆಸ್ಕ್‌ಟಾಪ್ ಮೇಲಿದ್ದ 'ವಾರ್ಷಿಕ ವರದಿ' ಎಂಬ ಚಿತ್ರವನ್ನು ಕಾಪಿ ಮಾಡಿ ಪೆನ್‌ಡ್ರೈವಿಗೆ ಹಾಕಿದ್ದೆ. ಅನುಮಾನ ಬೇಡ ಅಂತ ಪೆನ್‌ಡ್ರೈವಿನಿಂದಲೇ ತೆರೆದೂ ನೋಡಿದ್ದೆ. ಚೆನ್ನಾಗಿ ತೆರೆದಿತ್ತು!

ಮೋಸ ಹೋದದ್ದು ಅಲ್ಲೇ. ನಾನು ಹಾಕಿಕೊಂಡಿದ್ದು ಶಾರ್ಟ್‌ಕಟ್. ಅದು ಫೈಲ್ ಅಲ್ಲ, ಫೈಲ್ ಎಲ್ಲಿದೆ ಅಂತ ಬರೆದಿಟ್ಟ ಚೀಟಿ ಅಷ್ಟೇ. ನಿಜವಾದ ವರದಿ ಆಫೀಸಿನ ಕಂಪ್ಯೂಟರಿನ ಡಿ ಡ್ರೈವಿನಲ್ಲಿ, ನನಗಿಂತ ಮುಂಚೆ ಇದ್ದವರು ಮಾಡಿದ್ದ ಯಾವುದೋ ಫೋಲ್ಡರಿನೊಳಗೆ ತಣ್ಣಗೆ ಕೂತಿತ್ತು. ಅದೇ ಕಂಪ್ಯೂಟರಿನಲ್ಲಿ ತೆರೆದಾಗ ಚೀಟಿ ನೋಡಿಕೊಂಡು ವಿಂಡೋಸ್ ಅಲ್ಲಿಗೆ ಹೋಗಿ ಫೈಲ್ ತೆರೆದಿತ್ತು. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಆ ವಿಳಾಸವೇ ಇಲ್ಲ.

"ಪಹಣಿ ಹಿಡ್ಕೊಂಡು ಬಂದಿದೀರ, ಹೊಲ ಅಲ್ಲೇ ಇದೆ" ಎಂದರು ಪ್ರೆಸ್ಸಿನವರು. ಅಲ್ಲಿದ್ದ ಹುಡುಗರೆಲ್ಲ ನಕ್ಕರು. ನಾನು ವಾಪಸ್ ಬಸ್ ಹತ್ತಿದೆ.

ನನಗೆ ಸಿಟ್ಟು ಬಂದದ್ದು ನನ್ನ ಕೋರ್ಸಿನ ಮೇಲೆ. ಮೂರು ತಿಂಗಳು ದುಡ್ಡು ಕಟ್ಟಿ ಕಲಿತಿದ್ದೆ. ಕೀಬೋರ್ಡ್ ಇನ್‌ಪುಟ್, ಪ್ರಿಂಟರ್ ಔಟ್‌ಪುಟ್, ಕಂಪ್ಯೂಟರ್ ಪಿತಾಮಹ ಚಾರ್ಲ್ಸ್ ಬ್ಯಾಬೇಜ್, ಎಲ್ಲ ಬಾಯಿಪಾಠ. ಚಿತ್ರದ ಎಡಗಡೆ ಕೆಳಮೂಲೆಯಲ್ಲಿ ಒಂದು ಪುಟ್ಟ ಬಾಣ ಇದ್ದರೆ ಅದು ಶಾರ್ಟ್‌ಕಟ್ ಅಂತ ಯಾರೂ ಹೇಳಿರಲಿಲ್ಲ. ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದರೆ ಸೈಜ್ ಕಾಣುತ್ತದೆ, ಫೋಟೋ ತುಂಬಿದ 32 ಪುಟದ ವರದಿ 2 ಕೆಬಿ ಇರೋಕೆ ಸಾಧ್ಯವೇ ಇಲ್ಲ ಅಂತಲೂ ಹೇಳಿರಲಿಲ್ಲ. ನನ್ನದು 6 ಎಂಬಿ ಮೇಲಿತ್ತು. ಒಂದು ಎಂಬಿ ಅಂದರೆ 1024 ಕೆಬಿ, ಅದೂ ಬಾಯಿಪಾಠ ಇತ್ತು ಅನ್ನಿ.

ಮಾರನೇ ದಿನ ನಿಜವಾದ ಫೈಲ್ ಒಯ್ದೆ. ತೆರೆದರೆ ಕನ್ನಡವೇ ಇಲ್ಲ. ಇಂಗ್ಲಿಷಿನ ಪಿ, ಕ್ಯೂ, ತಲೆ ಮೇಲೆ ಗೀಟು ಹಾಕಿಕೊಂಡ ಎ, ಹೀಗೇ ಪುಟಗಟ್ಟಲೆ. ನಾನು ಟೈಪ್ ಮಾಡಿದ್ದು ಕನ್ನಡ ಟೈಪ್ ಮಾಡುವ 'ನುಡಿ' ಸಾಫ್ಟ್‌ವೇರಿನ ಹಳೇ ಮಾದರಿಯ ಫಾಂಟಿನಲ್ಲಿ. ಅದರಲ್ಲಿ ಕಂಪ್ಯೂಟರಿನೊಳಗೆ ಕೂರುವುದು ಇಂಗ್ಲಿಷ್ ಅಕ್ಷರಗಳ ನಂಬರೇ. ಅದಕ್ಕೆ ಕನ್ನಡದ ವೇಷ ಹಾಕುವುದು ಫಾಂಟ್. ಅಲ್ಲಿ ಆ ಫಾಂಟ್ ಇರಲಿಲ್ಲ, ವೇಷ ಕಳಚಿತು. ಯುನಿಕೋಡ್‌ನಲ್ಲಿ ಹಾಗಲ್ಲ, ಕನ್ನಡದ ಅಕ್ಷರಗಳಿಗೆ ಅವುಗಳದ್ದೇ ನಂಬರ್ ಇದೆ. ಫಾಂಟ್ ಬದಲಾದರೂ 'ಕ' ಕನ್ನಡದ 'ಕ' ಆಗಿಯೇ ಉಳಿಯುತ್ತದೆ. ಆದರೆ ಪ್ರೆಸ್ಸಿನಲ್ಲಿದ್ದದ್ದು ಪುಟ ಜೋಡಿಸುವ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್. ಅದಕ್ಕೆ ಯುನಿಕೋಡ್ ಕನ್ನಡ ಬರುವುದಿಲ್ಲ. ಕೊನೆಗೆ ನಮ್ಮ ಫಾಂಟನ್ನೇ ಅಲ್ಲಿ ಹಾಕಿಕೊಂಡರು. ಈಗಂತೂ ಫೈಲ್ ಜೊತೆ ಒಂದು ಪಿಡಿಎಫ್ ಕೊಡದೆ ನಾನು ಪ್ರೆಸ್ಸಿನ ಮೆಟ್ಟಿಲು ಹತ್ತುವುದಿಲ್ಲ. ಫಾಂಟ್ ಪಿಡಿಎಫ್ ಒಳಗೇ ಸೇರಿರುತ್ತದೆ, ನಾವು ಬರೆದದ್ದು ಹೇಗಿತ್ತು ಅಂತ ಅವರಿಗೆ ಕಾಣುತ್ತದೆ.

ಈಗ ಸೊಸೈಟಿಗೆ ಹೊಸಬರು ಬಂದರೆ ಕಲಿಸುವುದು ನನ್ನ ಪಾಲಿಗೆ. ಕಂಪ್ಯೂಟರಿನ ಭಾಗಗಳ ಹೆಸರು ಹೇಳುವುದೇ ಇಲ್ಲ. ಮೊದಲ ದಿನ ಒಂದೇ ಪ್ರಶ್ನೆ: ನೀವು ಬರೆದದ್ದು ಈಗ ಎಲ್ಲಿದೆ? ಸೇವ್ ಮಾಡುವ ತನಕ ಅದು ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ‍್ಯಾಮಿನಲ್ಲಿ. ಕರೆಂಟ್ ಹೋದರೆ ಅದೂ ಹೋಗುತ್ತದೆ, ನಮ್ಮ ಊರಿನ ಕರೆಂಟ್ ಈ ಪಾಠವನ್ನು ನನಗಿಂತ ಚೆನ್ನಾಗಿ ಮಾಡುತ್ತದೆ. ಯುಪಿಎಸ್ ಕುಂಯ್ ಅಂದ ಕೂಡಲೇ ಕೈ ಕಂಟ್ರೋಲ್ ಎಸ್ ಮೇಲೆ ಹೋಗಬೇಕು.

ಆದರೆ ಕಂಟ್ರೋಲ್ ಎಸ್ ಕೂಡ ಎಲ್ಲ ಕಡೆ ಕಾಯುವುದಿಲ್ಲ. ಹೋದ ವರ್ಷದ ವರದಿ ತೆರೆದು, ಅಂಕಿ ಬದಲಿಸಿ ಕಂಟ್ರೋಲ್ ಎಸ್ ಒತ್ತಿದರೆ ಹೋದ ವರ್ಷದ್ದು ಹೋದ ಹಾಗೇ. ಒಬ್ಬರು ಹಾಗೇ ಮಾಡಿದರು, ಅಧ್ಯಕ್ಷರಿಗೆ ಹೇಳುವಾಗ ಪಕ್ಕದಲ್ಲಿ ನಾನೂ ನಿಂತಿದ್ದೆ. ಅದಕ್ಕೇ ಹಳೇ ಫೈಲ್ ತೆರೆದ ಕೂಡಲೇ, ಒಂದಕ್ಷರ ಮುಟ್ಟುವ ಮೊದಲೇ, ಎಫ್12 ಒತ್ತಿ, ಬೇರೆ ಹೆಸರಿನಲ್ಲಿ ಉಳಿಸುವ ಸೇವ್ ಆ್ಯಸ್ ಮಾಡಿಸುತ್ತೇನೆ. ವರ್ಡ್ ಮತ್ತು ಎಕ್ಸೆಲ್‌ನಲ್ಲಿ ಇದು ನಡೆಯುತ್ತದೆ. ಹೆಸರಿನಲ್ಲಿ ವರ್ಷ ಇರಲೇಬೇಕು. 'ಹೊಸ ವರದಿ', 'ಹೊಸ ವರದಿ ಫೈನಲ್', 'ಫೈನಲ್ ಇದೇ' ಅಂತೆಲ್ಲ ಇಟ್ಟರೆ ಆಮೇಲೆ ಹುಡುಕುವವರು ಯಾರು?

ಇನ್ನೊಂದು. ಪೆನ್‌ಡ್ರೈವಿನಲ್ಲಿ ಡಿಲೀಟ್ ಮಾಡಿದ್ದನ್ನು ರಿಸೈಕಲ್ ಬಿನ್‌ನಲ್ಲಿ ಹುಡುಕಬೇಡಿ, ಸಾಮಾನ್ಯವಾಗಿ ಅಲ್ಲಿಗೆ ಬಂದಿರುವುದಿಲ್ಲ.

ವರದಿ ಇವತ್ತಿಗೂ ಅದೇ ಪ್ರೆಸ್ಸಿನಲ್ಲೇ ಅಚ್ಚಾಗುತ್ತದೆ. ಪ್ರತಿ ಸೆಪ್ಟೆಂಬರಿನಲ್ಲಿ ನಾನು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಒಳಗಿಂದ ಕೂಗು ಬರುತ್ತದೆ: "ಈ ಸಲ ಪಹಣಿ ತಂದ್ರೋ, ಹೊಲ ತಂದ್ರೋ?"