ರಿಜಿಸ್ಟರ್ ಪುಸ್ತಕದ ಉಪಯೋಗ

2023ರ ಸೆಪ್ಟೆಂಬರ್ 29, ಶುಕ್ರವಾರ. ಕಾವೇರಿ ನೀರಿಗಾಗಿ ಕರ್ನಾಟಕ ಬಂದ್. ಸೋಮವಾರ ಗಾಂಧಿ ಜಯಂತಿ. ಬೆಂಗಳೂರಿನವರಿಗೆ ಸಾಲು ರಜೆ, ನಮಗೆ ಸೀಸನ್ನು. ಸಕಲೇಶಪುರದ ಹತ್ತಿರ ಕಾಫಿ ತೋಟದೊಳಗಿನ ನಮ್ಮ ಹೋಂಸ್ಟೇಯಲ್ಲಿ ಇರೋದೇ ಮೂರು ರೂಮು. ಮೂರನ್ನೂ ಒಂದೇ ಗುಂಪಿನವರು ರೂಮು ಬುಕಿಂಗ್ ಆ್ಯಪಿನಲ್ಲಿ ಬುಕ್ ಮಾಡಿದ್ದರು.

ಬುಧವಾರ ರಾತ್ರಿ ಅವರ ಮೆಸೇಜು. "ಮೇಡಂ, ಶುಕ್ರವಾರ ಬಂದ್ ಅಲ್ವಾ, ಶನಿವಾರ ಬಂದ್ರೆ ಆಗುತ್ತಾ?"

ಅದಕ್ಕೇನಂತೆ ಬನ್ನಿ ಅಂದೆ. ಅವರು ಹೊಸದಾಗಿ ಬುಕ್ ಮಾಡಿಕೊಳ್ಳಲಿ ಅಂತ ಹಳೆಯದನ್ನು ನಾನೇ ಕ್ಯಾನ್ಸಲ್ ಮಾಡಿದೆ. ಎಡವಟ್ಟಾಗಿದ್ದೇ ಅಲ್ಲಿ. ಆ್ಯಪಿನ ಲೆಕ್ಕದಲ್ಲಿ, ಬರುವವರನ್ನು ನಾನೇ ಬೇಡ ಅಂದಂತಾಯಿತು. ಬೆಳಗ್ಗೆ ನೋಡಿದರೆ ಆ್ಯಪಿನಲ್ಲಿ ನಮ್ಮ ಮನೆಯೇ ಇಲ್ಲ! ಕೇಳಿದ್ದಕ್ಕೆ "ಪರಿಶೀಲಿಸುತ್ತಿದ್ದೇವೆ" ಅನ್ನುವ ಒಂದೇ ಉತ್ತರ. ಆ ಗುಂಪಿನವರ ನಂಬರಾದರೂ ಇತ್ತಾ? ಇಲ್ಲ. ಮಾತೆಲ್ಲ ಆ್ಯಪಿನೊಳಗೇ ನಡೆದಿತ್ತು. ತಪ್ಪು ನನ್ನದೂ ಇದೆ ಬಿಡಿ.

ನಮ್ಮಲ್ಲಿ ಒಂದು ಉದ್ದನೆಯ ರಿಜಿಸ್ಟರ್ ಇದೆ. ಬಂದವರ ಹೆಸರು, ಊರು, ಫೋನ್ ನಂಬರ್ ಎಲ್ಲ ಅದರಲ್ಲಿರುತ್ತದೆ. ಪೊಲೀಸರು ಕೇಳಿದರೆ ತೋರಿಸಬೇಕಲ್ಲ ಅಂತ ಇಟ್ಟಿದ್ದು, ಅಷ್ಟೇ. ಅವತ್ತು ಹಾಳೆ ತಿರುಗಿಸುತ್ತಾ ಕೂತೆ. ಎರಡು ಸಲ ಬಂದುಹೋಗಿದ್ದ ಮೈಸೂರಿನ ರಿಟೈರ್ಡ್ ಮೇಷ್ಟ್ರೊಬ್ಬರಿಗೆ ಅಳುಕುತ್ತಲೇ ಫೋನ್ ಮಾಡಿದೆ.

"ಅಯ್ಯೋ, ನೀವು ಮುಚ್ಚಿಬಿಟ್ರಿ ಅಂದ್ಕೊಂಡ್ವಲ್ಲಮ್ಮಾ! ಬೆಳಗ್ಗೆ ತಾನೇ ಹುಡುಕಿದೆ, ಕಾಣಿಸ್ಲೇ ಇಲ್ಲ."

ನೂರಕ್ಕೆ ಹದಿನೈದು ಕಮಿಷನ್ ಹೋಗುತ್ತೆ ಅಂತ ನಾನು ಗೊಣಗಿದ್ದು ಲೆಕ್ಕವಿಲ್ಲದಷ್ಟು ಸಲ. ಆದರೆ ಎರಡು ಸಲ ನಮ್ಮ ಮನೆಯ ಅಕ್ಕಿ ರೊಟ್ಟಿ ತಿಂದವರಿಗೂ ನಾವು ಇದ್ದೇವೋ ಇಲ್ಲವೋ ಅಂತ ಆ್ಯಪೇ ಹೇಳಬೇಕಿತ್ತಲ್ಲ, ಅವತ್ತು ಹೊಟ್ಟೆ ಉರಿದದ್ದು ಅದಕ್ಕೆ.

ಮೇಷ್ಟ್ರು ಶನಿವಾರ ಮಗಳ ಸಂಸಾರದ ಜೊತೆ ಬಂದರು. ಎರಡು ರೂಮು ತುಂಬಿತು. ಮೂರನೆಯದು ಖಾಲಿಯೇ ಉಳಿಯಿತು.

ಹನ್ನೊಂದು ದಿನದ ಮೇಲೆ ಆ್ಯಪಿನಲ್ಲಿ ಮನೆ ಮತ್ತೆ ಕಾಣಿಸಿತು. ಅಷ್ಟರಲ್ಲಿ ಗೂಗಲ್ ಮ್ಯಾಪಿನಲ್ಲಿ ನಮ್ಮ ನಂಬರ್ ಹಾಕಿದ್ದೆ. ರೂಮಿನ ಫೋಟೋ ವಾಟ್ಸಾಪಿನಲ್ಲೇ ಕಳಿಸುತ್ತೇನೆ, ಅರ್ಧ ಅಡ್ವಾನ್ಸ್ ಯುಪಿಐನಲ್ಲಿ. ಇದರಲ್ಲೂ ತಲೆನೋವು ಇಲ್ಲದಿಲ್ಲ. ಒಬ್ಬ ದುಡ್ಡು ಹಾಕಿದ ಹಾಗೆ ಸುಳ್ಳು ಸ್ಕ್ರೀನ್‌ಶಾಟ್ ಕಳಿಸಿದ್ದ. ಮಳೆಗೆ ನೆಟ್‌ವರ್ಕ್ ಹೋದರೆ ಒಂದೇ ರೂಮು ಇಬ್ಬರಿಗೆ ಬುಕ್ ಆಗುವ ಭಯ ಬೇರೆ. ಅದಕ್ಕೇ ಫೋನಿನಲ್ಲಿ ಹೂಂ ಅನ್ನುವ ಮೊದಲು ಆ್ಯಪಿನಲ್ಲಿ ಆ ದಿನ ಮುಚ್ಚುತ್ತೇನೆ, ಆಮೇಲೆ ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ. ಆ್ಯಪ್ ಬಿಟ್ಟಿಲ್ಲ. ಹೊಸಬರು ಈಗಲೂ ಜಾಸ್ತಿ ಬರುವುದು ಅಲ್ಲಿಂದಲೇ.

ಹೊರಡುವವರ ಕೈಗೆ ಈಗ ಕಾಲು ಕೆಜಿ ಕಾಫಿ ಪುಡಿ ಕೊಡುತ್ತೇನೆ. ಪೊಟ್ಟಣದ ಮೇಲೆ ನಮ್ಮ ನಂಬರಿನ ಚೀಟಿ. "ಪುಡಿ ಮುಗಿದ್ರೆ ಪೊಟ್ಟಣ ಎಸೀತಾರೆ ಕಣೇ" ಅಂತ ಯಜಮಾನರ ತಕರಾರು.

ಹೋದ ವಾರ ಹುಬ್ಬಳ್ಳಿಯಿಂದ ಒಬ್ಬರು ಫೋನ್ ಮಾಡಿದ್ದರು. ರೂಮು ಬೇಡವಂತೆ, ಪುಡಿ ಬೇಕಂತೆ.