ಹೈಸ್ಮಿತ್ ಲೆಕ್ಕ: 22ರಲ್ಲಿ 11 ಮುಗಿದವು

ಅಮೇರಿಕದ ಅಪರಾಧ ಕಾದಂಬರಿಗಳ ಲೇಖಕಿ ಪೆಟ್ರೀಷಿಯಾ ಹೈಸ್ಮಿತ್ ಬರೆದ 22 ಕಾದಂಬರಿಗಳನ್ನು ಅಚ್ಚಾದ ಕ್ರಮದಲ್ಲೇ ಓದಬೇಕು, ಒಂದನ್ನೂ ಬಿಡಬಾರದು, ಮುಂದಿನದಕ್ಕೆ ಹಾರಬಾರದು ಅಂತ ಜನವರಿಯಲ್ಲಿ ಸುರು ಮಾಡಿದ್ದೆ. ಮೊನ್ನೆ ಪಂಚಮಿ ಉಂಡಿ ಕಟ್ಟಿ ಕೈ ತೊಳೆದು ಕೂತು ಹನ್ನೊಂದನೆಯದನ್ನು ಮುಗಿಸಿದೆ. ಅರ್ಧ ದಾರಿ ಬಂದಿದ್ದೇನೆ, ಹಾಗಾಗಿ ಇಲ್ಲಿಯವರೆಗಿನ ಲೆಕ್ಕ.

ಲೆಕ್ಕ ಅಂದದ್ದು ಬರೀ ಮಾತಿಗಲ್ಲ. ನಾನು ಶಹಾಬಾದದ ಒಂದು ಶಾಲೆಯಲ್ಲಿ ಗಣಿತ ಕಲಿಸುವವಳು. ಕಲಬುರಗಿಯಿಂದ ದಿನಾ ರೈಲಿನಲ್ಲಿ ಓಡಾಟ. ಓದೋದು ರೈಲಿನಲ್ಲಿ, ರಾತ್ರಿ ಒಂದು ಉದ್ದನೆಯ ರಿಜಿಸ್ಟರಿನಲ್ಲಿ ಬರೆದಿಡೋದು. ಕಾಲಂಗಳು ಹೀಗೆ: ಪುಸ್ತಕ, ವರ್ಷ, ಕೊಂದವರು, ಕೊಂದ ರೀತಿ, ಸಿಕ್ಕರೋ ಇಲ್ಲವೋ, ಕೊನೆಗೆ ‘ನಾನು ಯಾರ ಕಡೆ’. ಈ ಕೊನೆಯದು ಮೊದಲು ಇರಲಿಲ್ಲ. ಏಪ್ರಿಲ್‌ನಲ್ಲಿ ಸ್ಕೇಲ್ ಹಿಡಿದು ಗೆರೆ ಎಳೆದು ಸೇರಿಸಬೇಕಾಯಿತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಪತ್ತೇದಾರಿ ನನಗೆ ಹೊಸದಲ್ಲ. ಅಪ್ಪನ ಟ್ರಂಕಿನ ತುಂಬ ಎನ್. ನರಸಿಂಹಯ್ಯನವರ ಪುಸ್ತಕಗಳಿದ್ದವು. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟು 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದ ಮನುಷ್ಯ ಅವರು. ಅಲ್ಲಿ ಪತ್ತೇದಾರ ಬಾಗಿಲು ದಾಟಿ ಒಳಗೆ ಬಂದನೆಂದರೆ ನಮಗೆ ಅರ್ಧ ನಿಶ್ಚಿಂತೆ. ಹೈಸ್ಮಿತ್ ಮನೆಯಲ್ಲಿ ಆ ನಿಶ್ಚಿಂತೆ ಇಲ್ಲ. ಕೊಂದವರು ಯಾರು ಅಂತ ಹುಡುಕುವ ಕೆಲಸವೇ ಇಲ್ಲ, ಕೊಲ್ಲುವಾಗ ನಾವು ಅವನ ಪಕ್ಕದಲ್ಲೇ ನಿಂತಿರುತ್ತೇವೆ.

ಜನವರಿ

ಒಂದನೆಯದು, ‘ಸ್ಟ್ರೇಂಜರ್ಸ್ ಆನ್ ಎ ಟ್ರೇನ್’, 1950. ಇದನ್ನು ರೈಲಿನಲ್ಲೇ ಓದಿದ್ದು ನನ್ನ ಪುಣ್ಯ. ಗೈ ಅನ್ನೋ ಆರ್ಕಿಟೆಕ್ಟ್, ಸಾಹುಕಾರನ ಮಗ ಬ್ರೂನೋ ಅನ್ನೋ ಕುಡುಕ, ಇಬ್ಬರೂ ರೈಲಿನಲ್ಲಿ ಎದುರುಬದುರು. ನಿನ್ನ ಹೆಂಡತಿಯನ್ನು ನಾನು ಮುಗಿಸುತ್ತೇನೆ, ನಮ್ಮಪ್ಪನನ್ನು ನೀನು ಮುಗಿಸು, ಯಾರಿಗೂ ಕಾರಣ ಸಿಗೋದಿಲ್ಲ ಅಂತಾನೆ ಬ್ರೂನೋ. ಅಪ್ಪ ರೊಕ್ಕ ಬಿಚ್ಚೋದಿಲ್ಲ ಅಂತ ಅವನ ಸಿಟ್ಟು. ಈ ಭಾಗ ಓದುವಾಗ ಗಾಡಿ ಮರತೂರು ದಾಟುತ್ತಿತ್ತು. ಮಿತಾಕ್ಷರ ಅನ್ನೋ ಹಳೆಯ ಹಿಂದೂ ಕಾನೂನಿನ ಗ್ರಂಥ ಬರೆದ ವಿಜ್ಞಾನೇಶ್ವರನ ಊರು ಅಂತ ನಮ್ಮ ಕಡೆ ಹೆಸರಾದ ಮರತೂರು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಅಂತ ಬರೆದಿಟ್ಟ ಪುಣ್ಯಾತ್ಮ ಅವನು. ಬ್ರೂನೋ ಈ ಸ್ಟೇಷನ್ನಿನಲ್ಲಿ ಇಳಿದಿದ್ದರೆ ಒಬ್ಬ ವಕೀಲನಲ್ಲೇ ಕೆಲಸ ಮುಗಿಯುತ್ತಿತ್ತು ಅಂದುಕೊಂಡು ಒಬ್ಬಳೇ ನಕ್ಕೆ. ಎದುರಿಗೆ ಕೂತಿದ್ದ ಹೆಣ್ಣುಮಗಳು ಸೀಟು ಬದಲಿಸಿದಳು.

ಹಿಚ್‌ಕಾಕ್ ತನ್ನ ಹೆಸರು ಹೊರಗೆ ಬಿಡದೆ ಸೋವಿಯಲ್ಲಿ ಹಕ್ಕು ಕೊಂಡು 1951ರಲ್ಲಿ ಇದನ್ನು ಸಿನಿಮಾ ಮಾಡಿದ. ಸಿನಿಮಾದ ಗೈ ಟೆನಿಸ್ ಆಡುವವನು, ಅವನ ಕೈ ಸ್ವಚ್ಛ. ಪುಸ್ತಕದ ಗೈ ಹಾಗಲ್ಲ, ಒಂದು ರಾತ್ರಿ ಹೋಗಿ ಬ್ರೂನೋನ ಅಪ್ಪನನ್ನು ಕೊಂದೇ ಬಿಡುತ್ತಾನೆ. ನನ್ನ ಮಟ್ಟಿಗೆ ಪುಸ್ತಕದ ಬಿಗಿ ಇರೋದು ಅಲ್ಲೇ. ಒಳ್ಳೆಯವನೊಬ್ಬನನ್ನು ದಿನಕ್ಕಿಷ್ಟು ದಿನಕ್ಕಿಷ್ಟು ಅಂತ ಜಗ್ಗಿ ಆ ಮನೆ ಬಾಗಿಲಿಗೆ ತಂದು ನಿಲ್ಲಿಸುತ್ತಾಳೆ ಈಕೆ.

ಫೆಬ್ರುವರಿ, ಮಾರ್ಚ್

ಎರಡನೆಯದು ‘ದ ಪ್ರೈಸ್ ಆಫ್ ಸಾಲ್ಟ್’, 1952. ಕೊಲೆಯೇ ಇಲ್ಲ, ರಿಜಿಸ್ಟರಿನಲ್ಲಿ ಕಾಲಂಗಳು ಖಾಲಿ ಉಳಿದವು. 1948ರ ಕ್ರಿಸ್‌ಮಸ್ ಹೊತ್ತಿಗೆ ಹೈಸ್ಮಿತ್ ನ್ಯೂಯಾರ್ಕಿನ ಬ್ಲೂಮಿಂಗ್‌ಡೇಲ್ಸ್ ಅಂಗಡಿಯಲ್ಲಿ ಗೊಂಬೆ ಮಾರುತ್ತಿದ್ದಳು. ತುಪ್ಪಳದ ಕೋಟು ತೊಟ್ಟ ಒಬ್ಬಾಕೆ ಬಂದು ಗೊಂಬೆ ಕೊಂಡು ಹೋದಳು, ಅಷ್ಟೇ. ಅವತ್ತೇ ಮನೆಗೆ ಹೋಗಿ ಕಥೆಯ ಹಂದರ ಬರೆದಿಟ್ಟಳು, ಆಮೇಲೆ ಸಿಡುಬಿನಂಥ ಗುಳ್ಳೆ ಎದ್ದು ಜ್ವರದಲ್ಲಿ ಮಲಗಿದಳು. ಇಬ್ಬರು ಹೆಂಗಸರ ಪ್ರೀತಿಯ ಕಥೆ, ಅದೂ ಕೊನೆಗೆ ಯಾರಿಗೂ ಶಿಕ್ಷೆಯಾಗದೆ ಮುಗಿಯುವ ಕಥೆ. ಆಗಿನ ಕಾಲಕ್ಕೆ ಸ್ವಂತ ಹೆಸರು ಹಾಕುವ ಧೈರ್ಯವಾಗದೆ ಕ್ಲೇರ್ ಮಾರ್ಗನ್ ಅಂತ ಹಾಕಿದಳು. ತನ್ನ ಹೆಸರಿನಲ್ಲಿ ಅದು ಬಂದದ್ದು 1990ರಲ್ಲಿ, ‘ಕ್ಯಾರಲ್’ ಅಂತ. 38 ವರ್ಷ. ಕೊಲೆಗಾರರ ಗುಟ್ಟನ್ನು ಪುಸ್ತಕಗಟ್ಟಲೆ ಬರೆದವಳು ತನ್ನ ಗುಟ್ಟನ್ನು ಕಾಯ್ದುಕೊಂಡ ಅವಧಿ ಅದು.

ಮೂರನೆಯದು ‘ದ ಬ್ಲಂಡರರ್’, 1954. ಹೋಳಿ ಮುಗಿದ ಮೇಲೆ ಶರಣಬಸವೇಶ್ವರ ಜಾತ್ರೆ, ಮನೆ ತುಂಬ ಬೀಗರು, ಹದಿನೈದು ದಿನ ಪುಸ್ತಕ ಮುಟ್ಟಲಿಲ್ಲ. ಹಾಗಾಗಿ ಅರ್ಧ ಮರೆತು ಅರ್ಧ ಓದಿದ ಪುಸ್ತಕ ಇದು, ನನ್ನದೇ ತಪ್ಪು. ಕೊಲ್ಲದವನೊಬ್ಬ ಕೊಂದವನ ಸುದ್ದಿ ಇರುವ ಪೇಪರ್ ತುಣುಕು ಕತ್ತರಿಸಿಟ್ಟುಕೊಂಡು ಹಾಳಾಗುವ ಕಥೆ ಅನ್ನೋದಷ್ಟು ಗಟ್ಟಿಯಾಗಿ ನೆನಪಿದೆ. ಮನಸ್ಸಿನಲ್ಲಿ ಬಯಸಿದ್ದಕ್ಕೂ ಈಕೆ ದಂಡ ಹಾಕುತ್ತಾಳೆ.

ಏಪ್ರಿಲ್

ರಜೆ ಬಿತ್ತು. ರೈಲಿಲ್ಲ, ಮನೆಯಲ್ಲೇ ಓದು. ಬಿಸಿಲು 42 ದಾಟಿತ್ತು. ಬೆಳಗ್ಗೆ ಎಂಟಕ್ಕೆಲ್ಲ ಮಾಳಿಗೆ ಮೇಲೆ ಅತ್ತಿ ಸಂಡಿಗಿ ಹಾಕುವುದು, ನಾನು ನೆರಳಿಗೆ ಕೂತು ಕಾಗೆ ಕಾಯುವುದು. ಕೈಯಲ್ಲಿ ನಾಲ್ಕನೆಯದು, ‘ದ ಟ್ಯಾಲೆಂಟೆಡ್ ಮಿಸ್ಟರ್ ರಿಪ್ಲೀ’, 1955.

“ಏನ್ ಓದ್ಲಕತ್ತಿ ಅಷ್ಟ್ ಮಗ್ನ ಆಗಿ? ನನಗೂ ಹೇಳು” ಅಂದರು ಅತ್ತಿ. ಹೇಳಿದೆ. ಅಮೇರಿಕದ ಒಬ್ಬ ಸಾಹುಕಾರ ಟಾಮ್ ರಿಪ್ಲೀ ಅನ್ನೋ ಹುಡುಗನ ಕೈಗೆ ರೊಕ್ಕ ಕೊಟ್ಟು, ಇಟಲಿಯಲ್ಲಿ ಅಡ್ಡಾಡುತ್ತಿರುವ ನನ್ನ ಮಗ ಡಿಕ್ಕಿಯನ್ನು ಬುದ್ಧಿ ಹೇಳಿ ಕರಕೊಂಡು ಬಾ ಅಂತ ಕಳಿಸುತ್ತಾನೆ. ಹೋದವನು ಡಿಕ್ಕಿಯನ್ನೇ ದೋಣಿಯ ಹುಟ್ಟಿನಿಂದ ಹೊಡೆದು ಕೊಂದು ನೀರಿಗೆ ಹಾಕುತ್ತಾನೆ.

“ಯಾಕ್ ಕೊಂದ? ಏನ್ ಹಗೆತನ?”

“ಹಗೆತನ ಅಲ್ರಿ ಅತ್ತಿ. ಅಂವನಂಗೇ ಆಗ್ಬೇಕಂತ. ಅಂವನ ಅಂಗಿ, ಅಂವನ ಉಂಗುರ, ಅಂವನ ಸಹಿ.”

“ಹಲ್ಕಟ್ ಇದ್ದಾನ” ಅಂದರು, ಮತ್ತೊಂದು ಸಾಲು ಸಂಡಿಗಿ ಹಾಕಿದರು.

ಮರುದಿನ ರೋಮ್ ಊರಿನ ಕಥೆ. ರಿಪ್ಲೀ ಅಲ್ಲಿ ಡಿಕ್ಕಿಯಾಗಿ ಬದುಕುತ್ತಿದ್ದಾನೆ. ಗೆಳೆಯ ಫ್ರೆಡ್ಡಿಗೆ ಸಂಶಯ ಬರುತ್ತದೆ, ಅವನಿಗೆ ಆಶ್‌ಟ್ರೇಯಿಂದ ಏಟು. ಪೊಲೀಸ್ ಅಧಿಕಾರಿ ಬಂದು ‘ಡಿಕ್ಕಿ’ಯನ್ನು ವಿಚಾರಿಸಿ ಹೋಗುತ್ತಾನೆ. ಆಮೇಲೆ ರಿಪ್ಲೀ ವೆನಿಸ್ಸಿಗೆ ಹೋಗಿ ಮತ್ತೆ ರಿಪ್ಲೀಯೇ ಆಗಿ ಕೂತರೆ, ಅದೇ ಅಧಿಕಾರಿ ಅಲ್ಲಿಗೆ ಬರುತ್ತಾನೆ. ಅದೇ ಮುಖವನ್ನು ಇನ್ನೊಂದು ಹೆಸರಿನಲ್ಲಿ ನೋಡೋಕೆ. ಇಲ್ಲಿಗೆ ಬಂದು ನಾನು ನೀರು ಕುಡಿಯಲು ನಿಂತೆ. ಒಂದು ಕಾಗೆ ಇಳಿದು ಸಂಡಿಗಿ ಕಚ್ಚಿಕೊಂಡು ಹೋಯಿತು. ಅತ್ತಿ ಕೈ ಎತ್ತಲಿಲ್ಲ.

“ಗುರ್ತ ಹಿಡದನೇನು?”

“ಇಲ್ರಿ.”

“ಪಾರಾದ ನೋಡು!” ಅಂದುಬಿಟ್ಟರು. ಮರುಕ್ಷಣಕ್ಕೆ ತಮ್ಮ ಮಾತು ತಮಗೇ ಕೇಳಿಸಿ, “ಶಿವ ಶಿವ” ಅಂತ ಎರಡೂ ಕೆನ್ನೆ ಬಡಕೊಂಡರು.

ನಾಲ್ಕು ತಿಂಗಳಿಂದ ನನಗೆ ಹೇಳಲು ಬಾರದೆ ಇದ್ದದ್ದು ಇದೇ. ನಾವು ಕಾಯುತ್ತಿರೋದು ಕಳ್ಳ ಸಿಗಲಿ ಅಂತಲ್ಲ. ಬಾಗಿಲು ಬಡಿದ ಸಪ್ಪಳಕ್ಕೆ ಅವನ ಎದೆಯ ಜೊತೆ ನಮ್ಮದೂ ಹಾರುತ್ತದೆ, ಯಾಕೆಂದರೆ ಪುಸ್ತಕ ಪೂರ್ತಿ ಅವನ ಕಣ್ಣಿನಿಂದಲೇ ನೋಡಿಸುತ್ತಾಳೆ: ಯಾವ ಪತ್ರ ಯಾವ ಟೈಪ್‌ರೈಟರಿನಲ್ಲಿ, ಯಾವ ಸೂಟ್‌ಕೇಸ್ ಎಲ್ಲಿ. ಸಂಸಾರದ ತಾಪತ್ರಯದಂತೆ ಅವೂ ನಮ್ಮ ತಾಪತ್ರಯಗಳಾಗುತ್ತವೆ. ಅವತ್ತು ರಾತ್ರಿಯೇ ‘ನಾನು ಯಾರ ಕಡೆ’ ಕಾಲಂ ಬಂತು. ಅತ್ತಿಯ ಹೆಸರಿಗೂ ಒಂದು ಮನೆ ಬಿಟ್ಟಿದ್ದೇನೆ.

ಈ ರಿಪ್ಲೀ ಹುಟ್ಟಿದ್ದು ಪೊಸಿಟಾನೋ ಅನ್ನೋ ಇಟಲಿಯ ಕಡಲೂರಿನಲ್ಲಿ. ಹೈಸ್ಮಿತ್ ಹೋಟೆಲಿನ ಬಾಲ್ಕನಿಯಿಂದ ಬೆಳಗ್ಗೆ ಆರಕ್ಕೆ ನೋಡಿದರೆ, ಟವೆಲ್ ಹೆಗಲಿಗೆ ಹಾಕಿಕೊಂಡ ಒಬ್ಬ ಹುಡುಗ ಸಮುದ್ರದಂಡೆಯಲ್ಲಿ ಒಬ್ಬನೇ ನಡೆಯುತ್ತಿದ್ದನಂತೆ. ಮಾತಾಡಿಸಲೂ ಇಲ್ಲ. ಅಷ್ಟರಿಂದ ಐದು ಕಾದಂಬರಿ ತೆಗೆದಳು. ಮೊದಲನೆಯದಕ್ಕೆ ಫ್ರಾನ್ಸಿನವರು 1957ರಲ್ಲಿ ಅಪರಾಧ ಸಾಹಿತ್ಯದ ದೊಡ್ಡ ಬಹುಮಾನ ಕೊಟ್ಟರು. ಯುರೋಪಿನಲ್ಲಿ ಸಿಕ್ಕ ಮರ್ಯಾದೆ ಈಕೆಗೆ ಸ್ವಂತ ದೇಶದಲ್ಲಿ ಬದುಕಿರುವ ತನಕ ಸಿಗಲಿಲ್ಲ.

ಮೇ

ಐದನೆಯದು ‘ಡೀಪ್ ವಾಟರ್’, 1957. ವಿಕ್ ಅನ್ನೋ ಸಭ್ಯ ಗಂಡ, ಮಂದಿ ಮುಂದೆಯೇ ಬೇರೆಯವರ ಜೊತೆ ಓಡಾಡುವ ಹೆಂಡತಿ. ವಿಕ್ ಗ್ಯಾರೇಜಿನಲ್ಲಿ ಬಸವನಹುಳು ಸಾಕುತ್ತಾನೆ. ಹೈಸ್ಮಿತ್ ತಾನೂ ಸಾಕುತ್ತಿದ್ದಳು, ಒಂದು ಪಾರ್ಟಿಗೆ ಕೈಚೀಲದಲ್ಲಿ ಲೆಟ್ಯೂಸ್ ಸೊಪ್ಪಿನ ಜೊತೆ ಅವನ್ನು ತುಂಬಿಕೊಂಡು ಹೋಗಿದ್ದಳು ಅಂತ ಹೇಳುತ್ತಾರೆ. ಅತ್ತಿಗೆ ಇದನ್ನು ಹೇಳಿದ್ದೇ ತಡ, “ಬಸವನ ಹುಳಾ ಸಾಕ್ತಿದ್ಳಾ? ಹಂಗಾದ್ರ ನಮ್ಮಾಕಿನೇ ಬಿಡು” ಅಂದರು. ಹೆಸರಿನಲ್ಲಿ ಬಸವ ಇದ್ದರೆ ಮುಗಿಯಿತು, ಎಲ್ಲ ಮಾಫಿ.

ಎಲ್ಲವನ್ನೂ ಮಾಫಿ ಮಾಡೋಕೆ ನನಗೆ ಆಗೋದಿಲ್ಲ. ಈಕೆ ಜೊತೆಗಿರಲು ಸುಲಭದ ಹೆಂಗಸಾಗಿರಲಿಲ್ಲ. ಯಹೂದಿಗಳ ಬಗ್ಗೆ, ಕರಿಯರ ಬಗ್ಗೆ ಆಡಿದ, ಬರೆದ ಮಾತುಗಳು ಅಸಹ್ಯ ಹುಟ್ಟಿಸುತ್ತವೆ. ಸತ್ತ ಮೇಲೆ ಮನೆಯ ಬಟ್ಟೆ ಕಪಾಟಿನಲ್ಲಿ ಸಿಕ್ಕ ಡೈರಿ, ನೋಟ್‌ಬುಕ್ಕುಗಳು ಸುಮಾರು 8000 ಪುಟ. ಅವುಗಳ ಆಯ್ದ ಭಾಗ 2021ರಲ್ಲಿ ಅಚ್ಚಾಗಿದೆ. ಅದು ಓದುವ ಪಟ್ಟಿಯಲ್ಲಿಲ್ಲ, ಸದ್ಯಕ್ಕೆ ಬೇಡವೂ ಬೇಡ.

ಆರನೆಯದು ‘ಎ ಗೇಮ್ ಫಾರ್ ದ ಲಿವಿಂಗ್’, 1958, ಮೆಕ್ಸಿಕೋದ ಕಥೆ. ಆಕಳಿಸಿದೆ. ಆಮೇಲೆ ಗೊತ್ತಾಯಿತು, 1966ರಲ್ಲಿ ಸಸ್ಪೆನ್ಸ್ ಬರೆಯುವ ಬಗ್ಗೆ ತಾನೇ ಬರೆದ ಕೈಪಿಡಿಯಲ್ಲಿ ಇದು ಬೇಸರದ ಪುಸ್ತಕ ಅಂತ ಒಪ್ಪಿಕೊಂಡಿದ್ದಾಳೆ. ಕೊಂದವರು ಯಾರು ಅಂತ ಮುಚ್ಚಿಟ್ಟು ಬರೆಯಲು ಹೋದ ಪುಸ್ತಕ ಇದು. ಮುಚ್ಚಿಟ್ಟರೆ ಈಕೆಯ ಕೈ ನಡೆಯೋದಿಲ್ಲ.

ಜೂನ್, ಜುಲೈ

ಶಾಲೆ ಸುರು, ರೈಲು ಸುರು. ಏಳು, ಎಂಟು ಬೇಗ ಮುಗಿದವು. ‘ದಿಸ್ ಸ್ವೀಟ್ ಸಿಕ್‌ನೆಸ್’ನ ಡೇವಿಡ್ ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. ಬೇರೆಯವನನ್ನು ಮದುವೆಯಾದ ಹುಡುಗಿಗಾಗಿ ಸುಳ್ಳು ಹೆಸರಿನಲ್ಲಿ ಮನೆ ಕೊಂಡು, ಶನಿವಾರ ಭಾನುವಾರ ಇಬ್ಬರಿಗೂ ಸೇರಿಸಿ ತಾಟು ಇಟ್ಟುಕೊಂಡು ಕೂಡುತ್ತಾನೆ.

ಒಂಬತ್ತು, ಹತ್ತು ಎರಡೂ 1964ರವು. ‘ದ ಟೂ ಫೇಸಸ್ ಆಫ್ ಜನವರಿ’ ಗ್ರೀಸ್ ದೇಶದ ಕಥೆ. ಕೊಂದ ರೀತಿ: ಹರವಿಯಂಥ ದೊಡ್ಡ ಪಾತ್ರೆಯನ್ನು ಒಬ್ಬನ ಮೇಲೆ ಕೆಡವಲು ಹೋಗಿ ಅದು ಇನ್ನೊಬ್ಬರ ಮೇಲೆ ಬಿದ್ದು. ‘ದ ಗ್ಲಾಸ್ ಸೆಲ್’ ಬರೆಯಲು ಕಾರಣ ಒಂದು ಪತ್ರ. ಜೈಲಿನಲ್ಲಿದ್ದವನೊಬ್ಬ ‘ಡೀಪ್ ವಾಟರ್’ ಓದಿ ಈಕೆಗೆ ಬರೆದಿದ್ದ. ತಪ್ಪು ಮಾಡದೆ ಒಳಗೆ ಹೋದ ಎಂಜಿನಿಯರ್, ಹೊರಗೆ ಬರುವಾಗ ತಪ್ಪು ಮಾಡಲು ತಯಾರಾಗಿರುತ್ತಾನೆ. ಜೈಲಿನ ಭಾಗಗಳನ್ನು ಓದುತ್ತ ಶಹಾಬಾದ ಬಂದದ್ದೂ ತಿಳಿಯದೆ ವಾಡಿವರೆಗೆ ಹೋಗಿ ವಾಪಸ್ ಬಂದೆ. ಅರ್ಧ ದಿನದ ರಜೆ ಖರ್ಚು.

ಅದೇ ವಾರ ಇನ್ನೊಂದು ಫಜೀತಿ. ರಿಜಿಸ್ಟರು ಸ್ಟಾಫ್ ರೂಮಿನಲ್ಲಿ ಬಿಟ್ಟುಹೋಗಿದ್ದೆ. ಹಾಜರಿ ಪುಸ್ತಕ ಅಂತ ಹೆಡ್‌ಮಾಸ್ತರರು ತೆರೆದರೆ, ‘ಕೊಂದ ರೀತಿ’ ಕಾಲಂ ಕೆಳಗೆ ನನ್ನ ದುಂಡನೆಯ ಅಕ್ಷರದಲ್ಲಿ: ಹುಟ್ಟು, ಆಶ್‌ಟ್ರೇ, ಈಜುಕೊಳ, ಹರವಿ. ಪಕ್ಕದಲ್ಲಿ ‘ಸಿಗಲಿಲ್ಲ’, ‘ಸಿಗಲಿಲ್ಲ’. ನನ್ನನ್ನು ಕರೆದು ಬಾಗಿಲು ಅರ್ಧ ಮುಚ್ಚಿ, ಬಹಳ ಮೆತ್ತಗೆ ಕೇಳಿದರು: “ಮೇಡಂ, ಮನ್ಯಾಗ ಎಲ್ಲಾ ಆರಾಮ್ ಅದ ಇಲ್ರಿ?”

ಆಗಸ್ಟ್

ಹನ್ನೊಂದನೆಯದು ‘ಎ ಸಸ್ಪೆನ್ಷನ್ ಆಫ್ ಮರ್ಸಿ’, 1965. ಆ ಹೊತ್ತಿಗೆ ಹೈಸ್ಮಿತ್ ಇಂಗ್ಲೆಂಡಿನ ಸಫೋಕ್ ಕಡೆಯ ಹಳ್ಳಿಗೆ ಬಂದು ನೆಲೆಸಿದ್ದಳು, ಕಥೆಯೂ ಅಲ್ಲಿಯದೇ. ಸಿಡ್ನಿ ಅನ್ನೋ ಲೇಖಕ. ಹೆಂಡತಿ ಮನೆ ಬಿಟ್ಟು ಹೋಗಿದ್ದಾಳೆ. ಕೊಂದಿದ್ದರೆ ಹೇಗಿರುತ್ತಿತ್ತು ಅಂತ ನೋಡಲು ಇವನು ಹಳೇ ಕಾರ್ಪೆಟ್ ಸುತ್ತಿ ಹೆಗಲ ಮೇಲೆ ಹೊತ್ತು ಒಯ್ದು ಹೂಳುತ್ತಾನೆ. ಪಕ್ಕದ ಮನೆಯ ಮುದುಕಿ ಅದನ್ನು ನೋಡುತ್ತಾಳೆ. ಸಾಲದ್ದಕ್ಕೆ, ತಾನೇ ಕೊಂದಂತೆ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾನೆ. ಆ ನೋಟ್‌ಬುಕ್ ಪೊಲೀಸರ ಕೈಗೆ ಹೋಗುತ್ತದೆ.

ಇದನ್ನು ಓದಿದ ಮೇಲೆ ರಿಜಿಸ್ಟರಿಗೆ ಬ್ರೌನ್ ಪೇಪರ್ ಹಾಕಿ, ಮೇಲೆ ‘ಓದಿದ ಪುಸ್ತಕಗಳ ಯಾದಿ’ ಅಂತ ದಪ್ಪಕ್ಷರದಲ್ಲಿ ಬರೆದಿದ್ದೇನೆ.

ಮುಂದಿನದು ವೆನಿಸ್ ಊರಿನ ‘ದೋಸ್ ಹೂ ವಾಕ್ ಅವೇ’, 1967. ಹಳೇ ಪ್ರತಿ ಪೋಸ್ಟಿನಲ್ಲಿ ಬಂದಿದೆ, ಬೆನ್ನು ಕಿತ್ತಿದೆ, ಗೋಂದು ಹಚ್ಚಿ ಒಣಗಲು ಇಟ್ಟಿದ್ದೇನೆ. ಅತ್ತಿಗೆ ಇದು ಯಾವುದೂ ಬೇಡ. ಏಪ್ರಿಲ್‌ನಿಂದ ಅವರದೊಂದೇ ಪ್ರಶ್ನೆ, ಮುಂಬೈಗೆ ಹೋದ ತಮ್ಮನ ಮಗನನ್ನು ಕೇಳಿದ ಹಾಗೆ: “ಆ ಟಾಮ ಈಗ ಎಲ್ಲಿದ್ದಾನ?”

“ಹದಿನಾಲ್ಕನೇ ಪುಸ್ತಕದಾಗ ಬರ್ತಾನ್ರಿ. 1970.”

“ಅದನ್ನೇ ಮೊದ್ಲ ಓದು.”

“ಸಾಲು ಮುರ್ಯಂಗಿಲ್ರಿ ಅತ್ತಿ. ಇನ್ನ ಎರಡ್ ಅವ. ದಸರಾಕ್ಕ ಬರ್ತಾನ.”

ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿ ಲೆಕ್ಕ ಹಾಕಿದರು. “ದಸರಾ ಅಂದ್ರ ಭಾಳ್ ದಿನ ಆಯ್ತು” ಅಂದರು, ಮತ್ತೆ ಹಿಟ್ಟಿಗೆ ಕೈ ಹಚ್ಚಿ, “ಅಲ್ಲೀತನಾ ಸಿಗಬಾರದಪ್ಪಾ ಅಂವ.”